ಅವಿಚೀಯ ‘ಟ್ರೂ’: ಹನ್ನೆರಡು ವರ್ಷ ಕೇಳಿದ ಮೇಲೆ

ಡಾನ್ಸ್ ಮ್ಯೂಸಿಕ್ ಮಾಡುತ್ತಿದ್ದ ಡಿಜೆ ಅವಿಚೀಯ ಈ ಆಲ್ಬಂ ಬಂದಿದ್ದು 2013ರ ಸೆಪ್ಟೆಂಬರಿನಲ್ಲಿ. ಆಗ ನಾನು ದಿನಾ ಸಂಜೆ ಬೆಂಗಳೂರಿನ ಮಾರತ್‌ಹಳ್ಳಿಯಿಂದ ಸಿಲ್ಕ್ ಬೋರ್ಡಿಗೆ 500ಡಿ ಬಸ್ಸು ಹತ್ತುತ್ತಿದ್ದವನು. ಹತ್ತು ಹಾಡು, ಹೆಚ್ಚುಕಮ್ಮಿ ಮುಕ್ಕಾಲು ಗಂಟೆ. ಮಳೆ ಬಂದ ದಿನ ಹತ್ತೂ ಮುಗಿದು ಮೊದಲನೇದು ಮತ್ತೆ ಶುರುವಾದರೂ ಬಸ್ಸು ಅಗರ ದಾಟಿರ್ತಿರಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಅವೀಚಿ ಅಂದ್ರೆ ಬೌದ್ಧರ ನರಕಗಳಲ್ಲಿ ಕಟ್ಟಕಡೆಯದು. ಮೈಸ್ಪೇಸ್ ಅನ್ನೋ ಜಾಲತಾಣದಲ್ಲಿ ಆ ಹೆಸರು ಬೇರೆ ಯಾರೋ ತಗೊಂಡಿದ್ರು ಅಂತ ಈ ಸ್ವೀಡನ್ ಹುಡುಗ ಕೊನೆಗೆ ಇನ್ನೊಂದು ‘ಐ’ ಸೇರಿಸಿಕೊಂಡ. ನಮ್ಮ ಭಾಗವತದಲ್ಲಿ ಸುಳ್ಳುಸಾಕ್ಷಿ ಹೇಳಿದವರು ಬೀಳೋ ನರಕದ ಹೆಸರೂ ಹೆಚ್ಚುಕಮ್ಮಿ ಇದೇ. ಅಂಥವನ ಮೊದಲ ಆಲ್ಬಂ ‘ನಿಜ’!

ಡ್ರಾಪ್‌ಗಾಗಿ, ಅಂದ್ರೆ ಬೀಟ್ ಧಡಾರನೆ ಬೀಳೋ ಜಾಗಕ್ಕಾಗಿ, ಕೇಳೋರಿಗೆ ಇದು ಅಷ್ಟಕ್ಕಷ್ಟೇ. ಆ ವರ್ಷ ಮಾರ್ಚಿನಲ್ಲಿ ಮಯಾಮಿಯ ಅಲ್ಟ್ರಾ ಅನ್ನೋ ಡಾನ್ಸ್ ಮ್ಯೂಸಿಕ್ ಉತ್ಸವದಲ್ಲಿ ಬ್ಯಾಂಡ್ ಕಟ್ಟಿಕೊಂಡು ಇದನ್ನು ನುಡಿಸಿದಾಗ ಜನ ಕಕ್ಕಾಬಿಕ್ಕಿಯಾಗಿದ್ರು. ಅದೇ ತಮಾಷೆ ನಮ್ಮ ಬೀದಿ ಗಣೇಶನ ವಿಸರ್ಜನೆಯಲ್ಲೂ ನೋಡಿದೀನಿ. ಟೆಂಪೋ ಮೇಲಿನ ಬಾಕ್ಸುಗಳಲ್ಲಿ ‘ವೇಕ್ ಮಿ ಅಪ್’ ಹಾಕಿದ್ರು. ಗಿಟಾರ್ ಟಿಣಿಟಿಣಿ ಅಂತಿರೋವಾಗ ಹುಡುಗರು ಕೈ ಎಲ್ಲಿಡಬೇಕು ಗೊತ್ತಾಗದೆ ಮುಖ ಮುಖ ನೋಡ್ಕೊಂಡು ನಿಂತ್ರು. ಬೀಟ್ ಬಿತ್ತು ನೋಡಿ, ತಮಟೆಯವನೂ ಸೇರ್ಕೊಂಡ.

‘ಹೇ ಬ್ರದರ್’ ಹಾಡಿರೋದು ಬ್ಲೂಗ್ರಾಸ್ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಾಯಕ ಡ್ಯಾನ್ ಟಿಮಿನ್‌ಸ್ಕಿ. ಒಂದು ಭಾನುವಾರ ಅಮ್ಮ ಅವರೇಕಾಯಿ ಸುಲೀತಾ ಕೂತಿದ್ದಳು, ನಾನು ಸ್ಪೀಕರಿನಲ್ಲಿ ಹಾಕಿದೆ. ‘ಯಾವೂರ ಜನಪದ ಕಣೋ ಇದು? ಚೆನ್ನಾಗಿದೆ’ ಅಂದಳು. ಅರ್ಧ ನಿಮಿಷ ಬಿಟ್ಟು, ‘ಅದ್ಯಾಕೋ ಮಧ್ಯದಲ್ಲಿ ಮೆಣಸಿನಪುಡಿ ಕುಟ್ಟೋಕೆ ಶುರು ಮಾಡಿದ್ರು?’

ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಹೇಳಿಲ್ಲ. ಇಷ್ಟು ವರ್ಷದಲ್ಲಿ ಸವೆದಿರೋದು ಆ ಕುಟ್ಟುವ ಭಾಗಗಳೇ. ಸಿಂತ್ (ಎಲೆಕ್ಟ್ರಾನಿಕ್ ವಾದ್ಯ) ಸದ್ದಿಗೆ 2013ರ ವಾಸನೆ ಹತ್ತಿದೆ. ಕಂಠಗಳಿಗೆ ಏನೂ ಆಗಿಲ್ಲ. ‘ಅಡಿಕ್ಟೆಡ್ ಟು ಯೂ’ನಲ್ಲಿ ಆಡ್ರಾ ಮೇ ದನಿ ಎತ್ತೋ ಜಾಗ ಇವತ್ತಿಗೂ ಕೈಯಲ್ಲಿರೋ ಕಾಫಿ ಆರೋ ಹಾಗೆ ಮಾಡುತ್ತೆ. ಇಷ್ಟಾದರೂ ಹಾಡಿದವರ ಹೆಸರು ಹಾಡಿನ ಪಕ್ಕದಲ್ಲಿಲ್ಲ. ‘ವೇಕ್ ಮಿ ಅಪ್’ ಹಾಡಿದ್ದು ಅಲೋ ಬ್ಲ್ಯಾಕ್ ಅಂತ ನನಗೆ ಗೊತ್ತಾಗೋಕೆ ಎರಡು ವರ್ಷ ಹಿಡೀತು. ಇದು ನನಗೆ ಸರಿ ಅನ್ನಿಸಲ್ಲ.

ಎಂಟು ನಿಮಿಷದ ‘ಡಿಯರ್ ಬಾಯ್’ ನಾನು ಪೂರ್ತಿ ಕೇಳಿದ್ದು ಕಡಿಮೆ. ‘ಶೇಮ್ ಆನ್ ಮಿ’ ಬಂದ್ರೆ ಮುಂದಕ್ಕೆ ಒತ್ತೋದೇ. ‘ಲೇ ಮಿ ಡೌನ್’ ಅನ್ನು ನೈಲ್ ರಾಜರ್ಸ್ ಗಿಟಾರಿಗೋಸ್ಕರ ಇಟ್ಕೊಂಡಿದೀನಿ.

2018ರ ಏಪ್ರಿಲಿನಲ್ಲಿ, ಇಪ್ಪತ್ತೆಂಟನೇ ವಯಸ್ಸಿಗೆ, ಅವಿಚೀ ಹೋಗಿಬಿಟ್ಟ. ಸುಮಾರು ಒಂದು ತಿಂಗಳು ಇದನ್ನು ಹಾಕೋಕೆ ಮನಸ್ಸಾಗಲಿಲ್ಲ.

ಹೊಸದಾಗಿ ಕೇಳೋರಿಗೆ: ಇಯರ್‌ಫೋನಿನ ಬಾಸ್ ಬೂಸ್ಟ್ ತೆಗೆದುಬಿಡಿ, ಇಲ್ಲಾಂದ್ರೆ ಗಿಟಾರ್ ಮುಳುಗಿಹೋಗುತ್ತೆ. ಕಾರಿನಲ್ಲಿ ಕೇಳೋದಾದ್ರೆ ಕಿಟಕಿ ಏರಿಸಿ. ಅಮ್ಮನಿಗೆ ನಾನೀಗ ‘ಹೇ ಬ್ರದರ್’ ಕುಟ್ಟಾಣಿ ಶುರುವಾಗೋವರೆಗೆ ಮಾತ್ರ ಹಾಕ್ತೀನಿ.