ಒಂದು ಡಿಲೇ ನಂಬಿ 19 ದಿನದ ಮಳೆ ಲೆಕ್ಕ ಕಳೆದುಕೊಂಡೆ

ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಎಸ್‌ಡಿ ಕಾರ್ಡ್ ಹಾಕಿಕೊಂಡವರು ಆಫ್ ಮಾಡುವ ಕೋಡನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ನಾನು ನೋಡಿರಲಿಲ್ಲ.

ತೀರ್ಥಹಳ್ಳಿ ಹತ್ತಿರ ಸೋದರಮಾವನ ಅಡಿಕೆ ತೋಟಕ್ಕೆ ಮಳೆ ಅಳೆಯುವ ಯಂತ್ರ ಮಾಡಿಕೊಟ್ಟಿದ್ದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಔಷಧ) ಹೊಡೆದ ಮೇಲೆ ಎಷ್ಟು ಮಳೆ ಬಿತ್ತು ಅಂತ ಅವರಿಗೆ ಲೆಕ್ಕ ಬೇಕಿತ್ತು. ಜುಲೈಯಲ್ಲಿ ಬಟನ್ ಒತ್ತಿ ಆಫ್ ಮಾಡಿ ಕಾರ್ಡ್ ತಂದುಕೊಟ್ಟರು. ಲ್ಯಾಪ್‌ಟಾಪಿಗೆ ಹಾಕಿದರೆ ಫಾರ್ಮ್ಯಾಟ್ ಮಾಡಿ ಅಂತ ಕೇಳಿತು. ‘ಎಂತಾಯ್ತೋ ಮಾರಾಯ, ನಾನೆಂತೂ ಮುಟ್ಲಿಲ್ಲ’ ಅಂದರು ಮಾವ. ಅವರದ್ದು ಏನೂ ತಪ್ಪಿರಲಿಲ್ಲ.

ನನ್ನ ಕೋಡಿನಲ್ಲಿ ಫೈಲ್ ಮುಚ್ಚುವುದು ಒಂದು ಟಾಸ್ಕ್, ಅಂದರೆ ತನ್ನಷ್ಟಕ್ಕೆ ಓಡುವ ಕೋಡಿನ ತುಂಡು. ಸ್ವಲ್ಪ ಕಾದು ಪವರ್ ಕಟ್ ಮಾಡುವುದು ಇನ್ನೊಂದು. ಕಾಯಲು ವಿ-ಟಾಸ್ಕ್-ಡಿಲೇ (vTaskDelay) ಅನ್ನುವ ಫಂಕ್ಷನ್ನಿಗೆ 50 ಅಂತ ಕೊಟ್ಟಿದ್ದೆ. ಆ 50 ಮಿಲಿಸೆಕೆಂಡ್ ಅಲ್ಲ, ಟಿಕ್, ಅಂದರೆ ಬೋರ್ಡಿನ ಒಳಗಡಿಯಾರದ ಒಂದೊಂದು ಬಡಿತ! ಈ ಬೋರ್ಡಿನ ಕಂಪನಿಯೇ ಕೊಡುವ ಇಎಸ್‌ಪಿ-ಐಡಿಎಫ್ ತಂತ್ರಾಂಶದಲ್ಲಿ ನಾವು ಬದಲಿಸದಿದ್ದರೆ ಸೆಕೆಂಡಿಗೆ 100 ಟಿಕ್. ಹಾಗಾಗಿ ಅರ್ಧ ಸೆಕೆಂಡು ಸಿಗುತ್ತಿತ್ತು. ಮೇ ತಿಂಗಳಲ್ಲಿ ಕೋಡನ್ನು ಆರ್ಡುಯಿನೋ ಅನ್ನುವ ಇನ್ನೊಂದು ತಂತ್ರಾಂಶಕ್ಕೆ ತಂದೆ. ಅಲ್ಲಿ ಸೆಕೆಂಡಿಗೆ 1000 ಟಿಕ್. ಒಂದಕ್ಷರ ಬದಲಾಗದೆ ಕಾಯುವ ಹೊತ್ತು ಹತ್ತರಲ್ಲಿ ಒಂದು ಪಾಲಾಯಿತು.

ಮನೆಯಲ್ಲಿ ಹೊಸ ಕಾರ್ಡ್ ಹಾಕಿ ನೋಡಿದಾಗ ಎಲ್ಲ ಸರಿಯಿತ್ತು. ಆದರೆ ಫೈಲ್ ಮುಚ್ಚುವಾಗ ಉಳಿದ ಡೇಟಾ, ಫ್ಯಾಟ್ ಟೇಬಲ್ (ಫೈಲಿನ ತುಂಡುಗಳು ಎಲ್ಲೆಲ್ಲಿವೆ ಅನ್ನುವ ಪಟ್ಟಿ), ಡೈರೆಕ್ಟರಿ (ಫೈಲ್ ಹೆಸರುಗಳ ಪಟ್ಟಿ) ಎಲ್ಲವನ್ನೂ ಬರೆಯಬೇಕು. ಎಸ್‌ಡಿಎಚ್‌ಸಿ (4ರಿಂದ 32 ಜಿಬಿಯ) ಕಾರ್ಡಿಗೆ ಒಂದೊಂದು ಸಲ ಬರೆಯಲೂ 250 ಮಿಲಿಸೆಕೆಂಡ್‌ವರೆಗೆ ಹಿಡಿಯಬಹುದು. ಲೆಕ್ಕ ಹಾಕಿದರೆ ಹಳೆಯ ಅರ್ಧ ಸೆಕೆಂಡೂ ಸಾಲದು, ಅಲ್ವಾ?

ಆಮೇಲೆ ಕಾರ್ಡಿನ ಡೇಟಾ ಔಟ್ ಪಿನ್ನಿಗೆ ಲಾಜಿಕ್ ಅನಲೈಸರ್ (ತಂತಿಯ ಸಿಗ್ನಲ್ಲನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಸಾಧನ) ಸಿಕ್ಕಿಸಿದೆ. ಬೋರ್ಡು, ಕಾರ್ಡು ಮಾತಾಡುವ ಎಸ್‌ಪಿಐ ವಿಧಾನದಲ್ಲಿ ಕಾರ್ಡ್ ಬರೆಯುತ್ತಿರುವಷ್ಟು ಹೊತ್ತೂ ಆ ಗೆರೆ ಕೆಳಗೇ ಇರುತ್ತದೆ. ಅದು ಮೇಲೇಳುವ ಮೊದಲೇ ಪವರ್ ಹೋಗುತ್ತಿತ್ತು. ಪರದೆ ಮೇಲೆ ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ರಿಕವರಿ ಸಾಫ್ಟ್‌ವೇರಿಗೆ ತುಂಡು ತುಂಡು ಸಾಲು ಬಿಟ್ಟರೆ ಏನೂ ಸಿಗಲಿಲ್ಲ.

ಈಗ ಸುಮ್ನೆ ಕಾಯುವುದನ್ನೇ ಬಿಟ್ಟಿದ್ದೇನೆ. ಫೈಲ್ ಮುಚ್ಚಿದ ಟಾಸ್ಕ್ ಸೆಮಾಫೋರ್, ಅಂದರೆ ‘ಮುಗಿಯಿತು’ ಅನ್ನುವ ಸಂಕೇತ, ಕೊಟ್ಟ ಮೇಲೆಯೇ ಪವರ್ ಕಟ್. ಕಾರ್ಡೇ ಕೆಟ್ಟು ನಿಂತರೆ ಅಂತ 3 ಸೆಕೆಂಡಿನ ಮಿತಿ ಇಟ್ಟಿದ್ದೇನೆ. ಡಿಲೇ ಬೇಕೇ ಬೇಕು ಅನ್ನುವ ಕಡೆ ಮಿಲಿಸೆಕೆಂಡನ್ನು ಟಿಕ್‌ಗೆ ಬದಲಿಸಿಕೊಡುವ ಪಿಡಿ-ಎಂಎಸ್-ಟು-ಟಿಕ್ಸ್ (pdMS_TO_TICKS) ಬಳಸಿ, ಆಗ ಟಿಕ್ ದರ ಬದಲಾದರೂ ಹೊತ್ತು ಬದಲಾಗುವುದಿಲ್ಲ. ಪರೀಕ್ಷೆಯನ್ನು ಮನೆಯಲ್ಲಿರುವ ಅತಿ ಹಳೆಯ, ಅತಿ ನಿಧಾನದ ಕಾರ್ಡಿನಲ್ಲೇ ಮಾಡಿ.

ಮಾವ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನ ‘ಜೋರು’, ‘ಹೊಳವು’ (ಮಳೆ ಬಿಟ್ಟಿದೆ) ಅಂತ ಬರೆದಿಟ್ಟಿದ್ದರು. ಎರಡನೇ ಸಲದ ಬೋರ್ಡೋವನ್ನು ಅದನ್ನು ನೋಡಿಕೊಂಡೇ ಹೊಡೆಸಿದರು.