ಪೈಥಾನ್ ಟ್ಯೂಟರ್: ಬಹಳ ದಿನ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ಇದು ಕಂಪ್ಯೂಟರ್ ವಿಜ್ಞಾನಿ ಫಿಲಿಪ್ ಗುವೊ 2010ರಲ್ಲಿ ಶುರು ಮಾಡಿದ ಜಾಲತಾಣ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ. ದುಡ್ಡು ಕೊಡಬೇಕಿಲ್ಲ. ಕೋಡ್ ಅಂಟಿಸಿ ಓಡಿಸಿದರೆ ಒಂದೊಂದೇ ಹೆಜ್ಜೆಗೆ ಮೆಮೊರಿಯಲ್ಲಿ ಏನಾಯಿತು ಅಂತ ಚಿತ್ರ ಬಿಡಿಸಿ ತೋರಿಸುತ್ತದೆ. ಹಿಂದಕ್ಕೂ ಹೋಗಿ ನೋಡಬಹುದು.

ಡಿಗ್ರಿ ಓದುವ ಹುಡುಗರಿಗೆ ಪೈಥಾನ್ ಹೇಳಿಕೊಡಲು ಇದನ್ನು ಬಳಸುತ್ತೇನೆ. ಹೆಚ್ಚಿನವರು ಯಾವುದೋ ವಿಡಿಯೊ ನೋಡಿ, ‘ವೇರಿಯಬಲ್ ಅಂದ್ರೆ ಡಬ್ಬಿ’ ಅಂತ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ನಾನು ಮೂರು ಸಾಲು ಕೊಡುತ್ತೇನೆ: ಎ = [1, 2], ಆಮೇಲೆ ಬಿ = ಎ, ಆಮೇಲೆ ಬಿ.ಅಪೆಂಡ್(3), ಅಂದರೆ ಬಿ ಲಿಸ್ಟ್‌ನ ಕೊನೆಗೆ 3 ಸೇರಿಸು ಅಂತ. ಈಗ ಎ ಎಷ್ಟು? ಡಬ್ಬಿ ನಂಬಿದವರು [1, 2] ಅನ್ನುತ್ತಾರೆ. ಬರುವುದು [1, 2, 3]. ಟ್ಯೂಟರ್‌ನಲ್ಲಿ ಎರಡನೇ ಸಾಲಿಗೇ ಗುಟ್ಟು ಬಯಲು. ಲಿಸ್ಟ್ ಇರುವುದು ಒಂದೇ, ಎರಡೂ ಹೆಸರಿನಿಂದ ಬಾಣ ಅದಕ್ಕೇ ಹೋಗಿರುತ್ತದೆ.

ಹಾಗಂತ ಈ ತಾಣವೂ ಪೂರ್ತಿ ನಿಜ ಹೇಳುವುದಿಲ್ಲ! ಎ = 5 ಅಂದರೆ 5 ಅನ್ನು ಡಬ್ಬಿಯೊಳಗೇ ಬರೆದು ತೋರಿಸುತ್ತದೆ. ಪೈಥಾನ್‌ನಲ್ಲಿ 5 ಕೂಡ ಲಿಸ್ಟ್‌ನ ಹಾಗೆ ಮೆಮೊರಿಯಲ್ಲಿ ಬೇರೆಯಾಗಿ ಇರುವ ಒಂದು ಆಬ್ಜೆಕ್ಟೇ, ಅದಕ್ಕೂ ಬಾಣ ಇರಬೇಕು. ಬೇಕಿದ್ದರೆ ಎಲ್ಲವನ್ನೂ ಆಬ್ಜೆಕ್ಟ್‌ಗಳು ಇರುವ ಮೆಮೊರಿ ಭಾಗವಾದ ಹೀಪ್‌ನಲ್ಲಿ ತೋರಿಸುವ ಆಯ್ಕೆ ಇದೆ, ಆದರೆ ನಾನು ಹೊಸಬರಿಗೆ ಅದನ್ನು ಹಾಕುವುದಿಲ್ಲ. 5 ಅನ್ನು ಒಳಗಿಂದ ಬದಲಿಸಲು ಯಾರಿಗೂ ಆಗಲ್ಲ. ಹಾಗಾಗಿ ಡಬ್ಬಿ ಅಂದುಕೊಂಡರೂ ಉತ್ತರ ಸರಿಯಾಗೇ ಬರುತ್ತದೆ. ಇಂಥ ಸುಳ್ಳು ಇರಲಿ ಬಿಡಿ. ಲಿಸ್ಟ್ ವಿಷಯದಲ್ಲಿ ಅದೇ ಸುಳ್ಳು ಉತ್ತರವನ್ನೇ ಕೆಡಿಸುತ್ತದೆ, ಅಲ್ವಾ?

‘ರಿಟರ್ನ್ ಅಂದ್ರೆ ಉತ್ತರ ತೋರಿಸೋದು’ ಅನ್ನುವ ಇನ್ನೊಂದು ಸುಳ್ಳು ಇದಕ್ಕಿಂತ ಜಾಸ್ತಿ ಕಾಟ ಕೊಡುತ್ತದೆ. ತೋರಿಸುವುದು ಪ್ರಿಂಟ್; ರಿಟರ್ನ್ ಉತ್ತರವನ್ನು ಫಂಕ್ಷನ್ ಕರೆದ ಜಾಗಕ್ಕೆ ವಾಪಸ್ ಕೊಡುತ್ತದೆ. ಹಾಗೆ ಕಲಿತವರು ಫಂಕ್ಷನ್ ಒಳಗೆ ರಿಟರ್ನ್ ಬಿಟ್ಟು ಪ್ರಿಂಟ್ ಹಾಕುತ್ತಾರೆ. ಪರದೆಯ ಮೇಲೆ ಉತ್ತರ ಕಂಡಿತು, ಖುಷಿ. ಆ ಫಲಿತಾಂಶಕ್ಕೆ 1 ಕೂಡಿಸಲು ಹೋದಾಗ ಟೈಪ್ ಎರರ್. ಟ್ಯೂಟರ್‌ನಲ್ಲಿ ಫಂಕ್ಷನ್ ಮುಗಿಯುವ ಹೆಜ್ಜೆಗೆ ಬಂದರೆ ರಿಟರ್ನ್ ವ್ಯಾಲ್ಯೂ ಜಾಗದಲ್ಲಿ ‘None’ (ಏನೂ ಇಲ್ಲ) ಅಂತ ಎದ್ದು ಕಾಣುತ್ತದೆ. ಅರ್ಧ ಗಂಟೆ ಭಾಷಣ ಮಾಡಿದರೂ ಆಗದ ಕೆಲಸ ಅದು.

ಜಾವಾ ಅನ್ನುವ ಇನ್ನೊಂದು ಭಾಷೆ ಹೇಳಿಕೊಡುವ ಮೇಷ್ಟ್ರುಗಳು, ಪ್ರೋಗ್ರಾಂ ಶುರುವಾಗಲು ಬೇಕಿದ್ದ ಸಾಲಿನ ಬಗ್ಗೆ ‘ಪಬ್ಲಿಕ್ ಸ್ಟಾಟಿಕ್ ವಾಯ್ಡ್ ಮೇನ್ ಸದ್ಯಕ್ಕೆ ಸುಮ್ನೆ ಬರ್ಕೊಳ್ಳಿ’ ಅನ್ನುತ್ತಿದ್ದರಲ್ಲ, ಅದರ ಬಗ್ಗೆ ನನ್ನ ತಕರಾರಿಲ್ಲ. ಅದರಲ್ಲಿ ಸುಳ್ಳಿಲ್ಲ, ಬರೀ ಮುಂದೂಡಿದ್ದು. 2025ರ ಜಾವಾ 25ರಲ್ಲಿ ಚಿಕ್ಕ ಪ್ರೋಗ್ರಾಂಗೆ ಪಬ್ಲಿಕ್, ಸ್ಟಾಟಿಕ್ ಎರಡನ್ನೂ ಬಿಡಬಹುದು.

ಇನ್ನು ಆ ಒಂದು ಸ್ಟಾರ್. 1,000 ಹೆಜ್ಜೆ ದಾಟಿದರೆ ಟ್ಯೂಟರ್ ನಿಂತುಬಿಡುತ್ತದೆ. ಫೈಲ್ ತೆರೆಯಲು ಆಗಲ್ಲ. ಹೊರಗಿನ ಲೈಬ್ರರಿ ಬೇಕಾದ ಪ್ರಾಜೆಕ್ಟ್‌ಗೆ ಇದು ಒದಗುವುದಿಲ್ಲ. ಫೋನಿನ ಚಿಕ್ಕ ಪರದೆಯಲ್ಲಿ ಬಾಣಗಳು ಒಂದರ ಮೇಲೊಂದು ಬಿದ್ದು ತಲೆ ಕೆಡುತ್ತದೆ. ಲ್ಯಾಪ್‌ಟಾಪ್ ಇಲ್ಲದ ಹುಡುಗರಿಗೆ ನಾನು ಇದೇ ಚಿತ್ರವನ್ನು ಹಾಳೆಯ ಮೇಲೆ ಬರೆಸುತ್ತೇನೆ. ಅದಕ್ಕೂ ಹೀಗೇ, ಒಂದು ಸಾಲಿಗೆ ಒಂದು ಚಿತ್ರ.