ಪೊಮೇರಿಯನ್ ಮಂಡಿಗೆ ತಂದ ಪಟ್ಟಿ: ಐದಕ್ಕೆ ಎರಡು ಸ್ಟಾರ್

ನಮ್ಮ ಚಿನ್ನು ಪೊಮೇರಿಯನ್, ಆರು ವರ್ಷ. ಹಾಲಿನ ಪ್ಯಾಕೆಟ್ ಕತ್ತರಿಸಿದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಾಳೆ. ಹೋದ ವರ್ಷದಿಂದ ಆ ಓಟದ ನಡುವೆ ಹಿಂದಿನ ಎಡಗಾಲು ಎತ್ತಿಕೊಂಡು ನಾಲ್ಕು ಹೆಜ್ಜೆ ಮೂರೇ ಕಾಲಲ್ಲಿ ಕುಪ್ಪಳಿಸಿ, ಆ ಕಾಲನ್ನು ಹಿಂದಕ್ಕೊಮ್ಮೆ ಝಾಡಿಸಿ, ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಓಡುತ್ತಿದ್ದಳು. ಒಂದು ಕೂಗೂ ಇಲ್ಲ. ಆಟ ಅಂದುಕೊಂಡು ಸುಮ್ನೆ ಇದ್ದೆವು.

ಡಾಕ್ಟರ್ ಮಂಡಿ ಹಿಡಿದು ನೋಡಿ, ಚಿಪ್ಪು ಒಳಗಡೆಗೆ ಜಾರುತ್ತಿದೆ, ಎರಡನೇ ಗ್ರೇಡ್ ಅಂದರು. ಅಂದರೆ ಆಗಾಗ ಜಾರುತ್ತದೆ, ಮತ್ತೆ ತಾನೇ ಬಂದು ಕೂರುತ್ತದೆ. ನಾಲ್ಕನೇ ಗ್ರೇಡ್ ಆದರೆ ಕೈಯಿಂದ ತಳ್ಳಿದರೂ ಕೂರುವುದಿಲ್ಲ. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಜಾಸ್ತಿ.

ಪಟ್ಟಿ ಕಟ್ಟಿ ಅಂತ ಅವರೇನೂ ಹೇಳಿರಲಿಲ್ಲ, ಅದು ನನ್ನ ಬುದ್ಧಿ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ಕೂತು 1,450 ರೂಪಾಯಿಗೆ ಆರ್ಡರ್ ಮಾಡಿದೆ.

ಪಟ್ಟಿಯ ಬಟ್ಟೆ ಚೆನ್ನಾಗಿದೆ, ಹೊಲಿಗೆ ಗಟ್ಟಿ, ಹೇಳಿದ ದಿನಕ್ಕೇ ಬಂತು. ಎರಡು ಸ್ಟಾರ್ ಅದಕ್ಕೆ. ಆದರೆ ನಾಯಿಯ ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ, ಅಲ್ವಾ? ಏನು ಕಟ್ಟಿದರೂ ಜಾರುತ್ತದೆ. ಬೆಳಿಗ್ಗೆ ಮಂಡಿಗೆ ಕಟ್ಟಿದ್ದು ತಿಂಡಿ ಮುಗಿಯುವಷ್ಟರಲ್ಲಿ ಸಡಿಲವಾದ ಕಾಲುಚೀಲದ ಹಾಗೆ ಪಾದದ ಹತ್ತಿರ ಬಿದ್ದಿರುತ್ತಿತ್ತು. ಬಿಗಿ ಮಾಡಿದರೆ ತೊಡೆಸಂದಿ ಕೆಂಪಗಾಗುತ್ತಿತ್ತು. ಬಿಚ್ಚುವಾಗ ವೆಲ್ಕ್ರೋ ಚರ್ರ್ ಅಂತ ಒಂದು ಹಿಡಿ ಕೂದಲು ಕಿತ್ತುಕೊಂಡೇ ಬರುತ್ತಿತ್ತು. ನಾಲ್ಕನೇ ದಿನದಿಂದ ಪಟ್ಟಿ ಕೈಗೆತ್ತಿಕೊಂಡರೆ ಚಿನ್ನು ದಿವಾನದ ಕೆಳಗೆ.

ಮತ್ತೆ ಡಾಕ್ಟರ್ ಹತ್ತಿರ ಹೋದಾಗ ಅವರು ನಕ್ಕರು. "ಇವಳ ಚಿಪ್ಪು ಅವರೆಕಾಳಿನಷ್ಟಿದೆ ಕಣಮ್ಮಾ. ಹೊರಗಿಂದ ಬಟ್ಟೆ ಕಟ್ಟಿ ಅದನ್ನ ಹಿಡಿಯೋಕಾಗುತ್ತಾ?" ತೊಡೆಮೂಳೆಯ ತುದಿಯಲ್ಲಿ ಚಿಪ್ಪು ಓಡಾಡಲು ಕಾಲುವೆಯಂಥ ಒಂದು ಹಳ್ಳ ಇರುತ್ತದೆ, ಆ ಹಳ್ಳ ಆಳವಿಲ್ಲದಿದ್ದರೆ ಅಥವಾ ಚಿಪ್ಪಿನ ಕೆಳಗಿನ ಗಟ್ಟಿ ನಾರು (ಲಿಗಮೆಂಟ್) ಕಾಲಿನ ಮೂಳೆಗೆ ಅಂಟಿದ ಜಾಗವೇ ಓರೆಯಾಗಿದ್ದರೆ ಚಿಪ್ಪು ದಾರಿ ತಪ್ಪುತ್ತದೆ. ಆಪರೇಷನ್ ಮಾಡುವಾಗ ಹಳ್ಳ ಆಳ ಮಾಡುತ್ತಾರೆ, ಆ ನಾರು ಅಂಟಿದ ಮೂಳೆಯ ತುಣುಕನ್ನು ಸರಿಸಿ ಕೂರಿಸುತ್ತಾರೆ. ಪಟ್ಟಿ ಇದ್ಯಾವುದನ್ನೂ ಮಾಡಲ್ಲ. ಪ್ಯಾಕೆಟ್ ಮೇಲೆ ಮಾತ್ರ "ಆಪರೇಷನ್ ಬೇಡ" ಅಂತ ದಪ್ಪ ಅಕ್ಷರ.

ನಮಗೆ ಕೆಲಸಕ್ಕೆ ಬಂದಿದ್ದು ಬೇರೆಯೇ. ತೂಕ 5.4 ಕೆಜಿ ಇತ್ತು, ಅಜ್ಜಿ ಕದ್ದು ಹಾಕುತ್ತಿದ್ದ ಚಪಾತಿ ನಿಲ್ಲಿಸಿ 4.6ಕ್ಕೆ ತಂದೆವು (ಅಜ್ಜಿ ಇನ್ನೂ ಮುನಿಸಿಕೊಂಡಿದ್ದಾರೆ). ನುಣುಪು ಟೈಲ್ಸ್ ಮೇಲೆ ಅವಳು ಓಡುವ ದಾರಿಗೆ ರಬ್ಬರ್ ತಳದ ಮ್ಯಾಟ್ ಹಾಸಿದೆವು, 600 ರೂಪಾಯಿ. ಪಾದದ ಅಡಿಯ ಕೂದಲು ಕತ್ತರಿಸಿದೆವು. ಸೋಫಾ ಹತ್ತಿ ಜಿಗಿಯೋದು ಬಂದ್. ಈಗ ಕುಪ್ಪಳಿಸೋದು ವಾರಕ್ಕೊಮ್ಮೆಯೋ ಎರಡು ಸಲವೋ. ಜಾಸ್ತಿಯಾದರೆ ಆಪರೇಷನ್‌ಗೆ ಕರೆದುಕೊಂಡು ಹೋಗುತ್ತೇವೆ.

ಪಟ್ಟಿ ವಾಪಸ್ ಕಳಿಸಿದೆ. ಕೂದಲು ಅಂಟಿದೆ ಅಂತ ತೆಗೆದುಕೊಳ್ಳಲಿಲ್ಲ. ಪೊಮೇರಿಯನ್‌ಗೆ ಅಂತಲೇ ಮಾರುವ ಪಟ್ಟಿಗೆ ಕೂದಲು ಅಂಟದೆ ಇನ್ನೇನು ಅಂಟುತ್ತೆ ಸ್ವಾಮಿ?